ಎಂಆರ್‌ಐ ನಾರ್ಮಲ್, ಆದರೂ ಪಾರ್ಕಿನ್ಸನ್: ಕೈ ನಡುಕಕ್ಕೆ ಇಷ್ಟೊಂದು ಸ್ಕ್ಯಾನ್ ಯಾಕೆ?

ಮೈಸೂರಿನಲ್ಲಿ ಯಾವುದಾದರೂ ನರರೋಗ ವಿಭಾಗದ ಹೊರಗೆ ಅರ್ಧ ಗಂಟೆ ಕೂತರೆ ಈ ಮಾತು ಕಿವಿಗೆ ಬಿದ್ದೇ ಬೀಳುತ್ತದೆ: "ಸ್ಕ್ಯಾನಿಂಗ್‌ನಲ್ಲಿ ಏನೂ ಇಲ್ಲ ಅಂತ ಬಂದಿದೆ, ಆದರೆ ಡಾಕ್ಟ್ರು ಪಾರ್ಕಿನ್ಸನ್ ಅಂತಾರಲ್ಲ!" ಪಕ್ಕದ ಬೆಂಚಿನವರದ್ದು ಇನ್ನೊಂದು ಕಥೆ. ಮನೆಯ ಹಿರಿಯರಿಗೆ ವರ್ಷಗಟ್ಟಲೆ ಪಾರ್ಕಿನ್ಸನ್ ಮಾತ್ರೆ ಕೊಟ್ಟಾಗಿದೆ. ಈಗ ಚೀಟಿಯಲ್ಲಿ "ಪಿಎಸ್‌ಪಿ" ಅಂತ ಬರೆದು, ಮುಂದೆ ಒಂದು ಪ್ರಶ್ನೆ ಗುರುತು ಹಾಕಿ, ಮತ್ತೊಂದು ಸ್ಕ್ಯಾನ್ ಬರೆದುಕೊಟ್ಟಿದ್ದಾರೆ.

ಇಬ್ಬರ ಗೊಂದಲವೂ ಸಹಜವೇ. ಮೂಳೆ ಮುರಿದರೆ ಎಕ್ಸ್‌ರೇಯಲ್ಲಿ ಕಾಣುತ್ತದೆ. ಕಿಡ್ನಿಯಲ್ಲಿ ಕಲ್ಲಿದ್ದರೆ ಅಲ್ಟ್ರಾಸೌಂಡ್‌ನಲ್ಲಿ ಕಾಣುತ್ತದೆ. ಮಿದುಳಿನ ಸ್ಕ್ಯಾನ್ ಕೂಡ ಹಾಗೇ ಕಾಯಿಲೆಯ ಹೆಸರು ಹೇಳಿಬಿಡುತ್ತದೆ ಅಂದುಕೊಂಡಿರುತ್ತೇವೆ. ಕೈಕಾಲಿನ ಚಲನೆ ಕೆಡಿಸುವ ಕಾಯಿಲೆಗಳಲ್ಲಿ ಅದು ಹಾಗಲ್ಲ. ಇಲ್ಲಿ ಒಂದೊಂದು ಸ್ಕ್ಯಾನ್ ಒಂದೊಂದು ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತದೆ. ಆ ಪ್ರಶ್ನೆ ಯಾವುದು ಅಂತ ಗೊತ್ತಿಲ್ಲದೆ ರಿಪೋರ್ಟ್ ಓದಿದರೆ ಗಾಬರಿ ಜಾಸ್ತಿಯಾಗುತ್ತದೆ, ಅಷ್ಟೇ.

ಕಟ್ಟೆ, ನಾಲೆ, ಗದ್ದೆ

ಮೊದಲು ಮಿದುಳಿನೊಳಗಿನ ವ್ಯವಸ್ಥೆ. ಮಿದುಳಿನ ಬುಡದ ಹತ್ತಿರ, ನಡುಮಿದುಳು ಅನ್ನೋ ಜಾಗದಲ್ಲಿ ಕಪ್ಪು ಬಣ್ಣದ ಒಂದು ಸಣ್ಣ ಪಟ್ಟಿ ಇದೆ. ವೈದ್ಯರು ಅದನ್ನು ಸಬ್‌ಸ್ಟಾನ್ಷಿಯಾ ನೈಗ್ರಾ ಅನ್ನುತ್ತಾರೆ. ಇಲ್ಲಿನ ಜೀವಕೋಶಗಳು ಡೋಪಮಿನ್ ಅನ್ನೋ ರಾಸಾಯನಿಕ ತಯಾರಿಸುತ್ತವೆ. ಅಲ್ಲಿಂದ ಹೊರಟ ನರದ ಎಳೆಗಳು ಮಿದುಳಿನ ಒಳಭಾಗದ ಸ್ಟ್ರಯಾಟಮ್‌ವರೆಗೆ ಹೋಗಿ ಡೋಪಮಿನ್ ಸುರಿಯುತ್ತವೆ. ನಾವು ಸಲೀಸಾಗಿ ನಡೆಯೋದು, ಗುಂಡಿ ಹಾಕಿಕೊಳ್ಳೋದು, ಮಗ್ಗುಲು ಬದಲಿಸೋದು ಎಲ್ಲಕ್ಕೂ ಈ ಪೂರೈಕೆ ಬೇಕು.

ಮಂಡ್ಯದ ಕಡೆಯವರಿಗೆ ಇದನ್ನು ಹೇಳೋದು ಸುಲಭ. ಡೋಪಮಿನ್ ತಯಾರಾಗುವ ಜಾಗ ಕೆಆರ್‌ಎಸ್ ಕಟ್ಟೆ ಅಂದುಕೊಳ್ಳಿ. ನರದ ಎಳೆಗಳು ವಿಸಿ ನಾಲೆ. ಡೋಪಮಿನ್ ಪಡೆದು ಕೆಲಸ ಮಾಡುವ ಕೋಶಗಳು ಗದ್ದೆ. ಗದ್ದೆಗೆ ನೀರು ಬಿಡುವ ತೂಬುಗಳೂ ಇವೆ. ಅವನ್ನು ರಿಸೆಪ್ಟರ್ ಅನ್ನುತ್ತಾರೆ.

ಪಾರ್ಕಿನ್ಸನ್‌ನಲ್ಲಿ ಕಟ್ಟೆಯ ನೀರು ಇಳಿಯುತ್ತದೆ, ನಾಲೆ ಬತ್ತುತ್ತದೆ, ಮೊದಲು ಕೊನೆ ಭಾಗದವರಿಗೆ ನೀರು ತಪ್ಪುತ್ತದೆ. ಗದ್ದೆ ಮಾತ್ರ ಚೆನ್ನಾಗಿಯೇ ಇರುತ್ತದೆ. ಹಾಗಾಗಿ ಲಿವೊಡೋಪಾ ಮಾತ್ರೆ ಕೊಟ್ಟರೆ, ಅಂದರೆ ಟ್ಯಾಂಕರ್‌ನಲ್ಲಿ ನೀರು ತಂದು ಹಾಯಿಸಿದರೆ, ಪೈರು ಚೇತರಿಸಿಕೊಳ್ಳುತ್ತದೆ. ಪಿಎಸ್‌ಪಿ, ಎಂಎಸ್‌ಎ ತರದ, ನೋಡೋಕೆ ಪಾರ್ಕಿನ್ಸನ್ನನ್ನೇ ಹೋಲುವ ಕಾಯಿಲೆಗಳಲ್ಲಿ ನಾಲೆ ಬತ್ತಿರುವುದರ ಜೊತೆಗೆ ಗದ್ದೆಯೇ ಚೌಳು ಹಿಡಿದಿರುತ್ತದೆ. ಎಷ್ಟು ಟ್ಯಾಂಕರ್ ತಂದರೂ ಫಸಲು ಬರೋದಿಲ್ಲ.

ನೋಡೋಕೆ ಒಂದೇ, ಒಳಗೆ ಬೇರೆ

ಜೇಮ್ಸ್ ಪಾರ್ಕಿನ್ಸನ್ ಎಂಬ ಲಂಡನ್ನಿನ ವೈದ್ಯರು ಈ ಕಾಯಿಲೆಯನ್ನು ವಿವರಿಸಿ ಬರೆದದ್ದು 1817ರಲ್ಲಿ. ಲಕ್ಷಣಗಳು ಸಾಮಾನ್ಯವಾಗಿ ದೇಹದ ಒಂದು ಪಕ್ಕದಲ್ಲಿ ಶುರುವಾಗುತ್ತವೆ. ಕೈ ತೊಡೆಯ ಮೇಲೆ ಸುಮ್ನೆ ಇದ್ದಾಗ ನಡುಗುತ್ತದೆ, ಏನಾದರೂ ಹಿಡಿಯಲು ಹೋದರೆ ನಡುಕ ಕಡಿಮೆಯಾಗುತ್ತದೆ. ಕೆಲಸ ನಿಧಾನ, ಮೈ ಬಿಗಿ, ಅಕ್ಷರ ಸಣ್ಣಗಾಗುತ್ತಾ ಹೋಗುತ್ತದೆ. ಎಷ್ಟೋ ಜನರಿಗೆ ಇವೆಲ್ಲಕ್ಕಿಂತ ವರ್ಷಗಳ ಮೊದಲೇ ವಾಸನೆ ಗೊತ್ತಾಗೋದು ಹೋಗಿರುತ್ತದೆ. ಮುಡಿದ ಮಲ್ಲಿಗೆಯ ವಾಸನೆ ಬರುತ್ತಿಲ್ಲ ಅಂತ ಯಾರೂ ನರದ ಡಾಕ್ಟರ ಹತ್ತಿರ ಹೋಗೋದಿಲ್ಲ, ಅಲ್ವಾ? ನಡುಕವೇ ಇಲ್ಲದ ಪಾರ್ಕಿನ್ಸನ್ ಕೂಡ ಇದೆ. ಜನ ಅದನ್ನು ವಯಸ್ಸಿನ ಸುಸ್ತು ಅಂದುಕೊಂಡುಬಿಡುತ್ತಾರೆ.

ಎಸೆನ್ಷಿಯಲ್ ಟ್ರೆಮರ್ ಅನ್ನೋ ಇನ್ನೊಂದು ನಡುಕದ ಕಾಯಿಲೆ ಇದಕ್ಕೆ ಉಲ್ಟಾ. ಸುಮ್ನೆ ಇದ್ದಾಗ ಕೈ ನಡುಗೋದಿಲ್ಲ. ಕಾಫಿ ಲೋಟ ಎತ್ತಿದಾಗ, ಬ್ಯಾಂಕಿನಲ್ಲಿ ಸಹಿ ಹಾಕುವಾಗ ನಡುಗುತ್ತದೆ. ಸಾಮಾನ್ಯವಾಗಿ ಎರಡೂ ಕೈ. ತಲೆ, ದನಿ ಕೂಡ ಅದುರಬಹುದು. ಅನೇಕ ಸಲ ಅಪ್ಪನಿಗೋ ಅತ್ತೆಗೋ ಇದ್ದದ್ದೇ ಬಂದಿರುತ್ತದೆ. ನಾಲೆಯ ನೀರಿಗೂ ಇದಕ್ಕೂ ಸಂಬಂಧವಿಲ್ಲ. ಇದರ ಮೂಲ ಮಿದುಳಿನ ಬೇರೆ ದಾರಿಗಳಲ್ಲಿದೆ.

ಪಿಎಸ್‌ಪಿ ಅಂದರೆ ಪ್ರೋಗ್ರೆಸಿವ್ ಸುಪ್ರಾನ್ಯೂಕ್ಲಿಯರ್ ಪಾಲ್ಸಿ. 1964ರಲ್ಲಿ ಕೆನಡಾದ ವೈದ್ಯರ ತಂಡ ಇದನ್ನು ಬೇರೆ ಕಾಯಿಲೆ ಅಂತ ಗುರುತಿಸಿ ಬರೆಯಿತು. ಇದರ ಮುಖ್ಯ ಸುಳಿವು ಬೀಳುವುದು. ಅದೂ ಹಿಂದಕ್ಕೆ, ಕಾಯಿಲೆ ಶುರುವಾದ ಒಂದೆರಡು ವರ್ಷದೊಳಗೇ. ಇನ್ನೊಂದು, ಕಣ್ಣನ್ನು ಮೇಲೆ ಕೆಳಗೆ ಹೊರಳಿಸಲು ಆಗೋದಿಲ್ಲ. ಮೆಟ್ಟಿಲು ಇಳಿಯುವಾಗ ತಡವರಿಸುತ್ತಾರೆ, ತಟ್ಟೆಯಲ್ಲಿರುವ ಅನ್ನದ ಕಡೆ ದೃಷ್ಟಿ ಇಳಿಯೋದಿಲ್ಲ. ಮನೆಯವರು ಕನ್ನಡಕ ಬದಲಿಸಿದ್ದೇ ಬದಲಿಸಿದ್ದು.

ಎಂಎಸ್‌ಎ ಅಂದರೆ ಮಲ್ಟಿಪಲ್ ಸಿಸ್ಟಮ್ ಅಟ್ರೋಫಿ. ಬಿಪಿ, ಮೂತ್ರ, ಬೆವರು ಇಂಥವನ್ನು ನಮಗೆ ಗೊತ್ತಿಲ್ಲದಂತೆ ನೋಡಿಕೊಳ್ಳುವ ನರಗಳು ಇದರಲ್ಲಿ ಬೇಗ ಕೆಡುತ್ತವೆ. ಎದ್ದು ನಿಂತ ತಕ್ಷಣ ಕಣ್ಣು ಕತ್ತಲೆ ಬರುತ್ತದೆ. ಮೂತ್ರ ತಡೆಯಲು ಆಗೋದಿಲ್ಲ, ಅಥವಾ ಪೂರ್ತಿ ಹೋಗೋದಿಲ್ಲ. ಕೆಲವರಿಗೆ ಪಾರ್ಕಿನ್ಸನ್ ತರದ ಬಿಗಿತ ಮುಂದಿರುತ್ತದೆ. ಇನ್ನು ಕೆಲವರಿಗೆ ಕುಡಿದವರ ಹಾಗೆ ತೂರಾಡುವ ನಡಿಗೆ. ಇದಲ್ಲದೆ ಕಾರ್ಟಿಕೋಬೇಸಲ್ ಅನ್ನೋ ಅಪರೂಪದ ಕಾಯಿಲೆಯೂ ಇದೆ. ಅದರಲ್ಲಿ ಒಂದೇ ಕೈ ಮಾತು ಕೇಳದ ಹಾಗಾಗುತ್ತದೆ.

ಇಷ್ಟರ ನಡುವೆ ಎಲ್ಲರೂ ಮರೆಯುವ ಒಂದು ಕಾರಣವಿದೆ, ಮಾತ್ರೆ. ಮಾನಸಿಕ ಕಾಯಿಲೆಗೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್, ವಾಂತಿಗೆ ಕೊಡುವ ಮೆಟೊಕ್ಲೋಪ್ರಮೈಡ್, ತಲೆಸುತ್ತಿಗೆ ಕೊಡುವ ಸಿನ್ನಾರಿಜಿನ್, ಮೈಗ್ರೇನ್‌ಗೆ ಕೊಡುವ ಫ್ಲುನಾರಿಜಿನ್, ಗ್ಯಾಸ್ಟ್ರಿಕ್ ಮಾತ್ರೆಗಳ ಜೊತೆ ಸೇರಿ ಬರುವ ಲಿವೊಸಲ್ಪಿರೈಡ್. ಇವು ನಾಲೆಯಲ್ಲಿ ನೀರಿದ್ದರೂ ತೂಬು ಮುಚ್ಚಿಬಿಡುತ್ತವೆ. ಹೊರಗಿನಿಂದ ನೋಡಿದರೆ ಥೇಟ್ ಪಾರ್ಕಿನ್ಸನ್. ವೈದ್ಯರ ಸಲಹೆ ಪಡೆದು ನಿಲ್ಲಿಸಿದರೆ ಬಹಳಷ್ಟು ಜನರಿಗೆ ಕೆಲವು ವಾರ ಅಥವಾ ತಿಂಗಳಲ್ಲಿ ಇಳಿಯುತ್ತದೆ. ನನ್ನ ಕೇಳಿದರೆ, ಯಾವ ಸ್ಕ್ಯಾನ್‌ಗೂ ಮೊದಲು ಮನೆಯಲ್ಲಿರುವ ಮಾತ್ರೆಯ ಡಬ್ಬಿಯನ್ನು ಡಾಕ್ಟರ ಮೇಜಿನ ಮೇಲೆ ಸುರಿಯಬೇಕು. ಅದಕ್ಕೆ ದುಡ್ಡೂ ಬೇಕಿಲ್ಲ.

ಹೆಸರು ತಿಳಿದರೆ ಏನು ಬದಲಾಗುತ್ತದೆ?

"ಯಾವುದಾದರೇನು, ಗುಣವಾಗೋದಿಲ್ಲವಲ್ಲ" ಅನ್ನುವವರಿದ್ದಾರೆ. ಬದಲಾಗೋದು ಬಹಳ ಇದೆ. ಪಾರ್ಕಿನ್ಸನ್‌ಗೆ ಲಿವೊಡೋಪಾ ವರ್ಷಗಳ ಕಾಲ ಕೆಲಸ ಮಾಡುತ್ತದೆ. ಎಂಎಸ್‌ಎ ಇರುವ ಕೆಲವರಿಗೆ ಸ್ವಲ್ಪ ಕಾಲ ಕೈ ಹಿಡಿಯಬಹುದು, ಪಿಎಸ್‌ಪಿಯಲ್ಲಿ ಹೆಚ್ಚಿನವರಿಗೆ ಪ್ರಯೋಜನ ಕಡಿಮೆ. ಮಿದುಳಿನಲ್ಲಿ ತಂತಿ ಇಟ್ಟು ವಿದ್ಯುತ್ ಕೊಡುವ ಡಿಬಿಎಸ್ ಆಪರೇಷನ್ ಪಾರ್ಕಿನ್ಸನ್‌ಗೆ ಆಗಿಬರುತ್ತದೆ. ಪಿಎಸ್‌ಪಿ, ಎಂಎಸ್‌ಎಗೆ ಅದನ್ನು ಮಾಡೋದಿಲ್ಲ. ಲಕ್ಷಗಟ್ಟಲೆ ಖರ್ಚಿನ ಆಪರೇಷನ್‌ಗೆ ಮೊದಲು ಇದು ತಿಳಿದಿರಬೇಕು.

ಪಿಎಸ್‌ಪಿ ಅಂತ ಬೇಗ ಗೊತ್ತಾದರೆ ಬಚ್ಚಲಿಗೆ ಹಿಡಿಕೆ ಹಾಕಿಸಬಹುದು, ನುಂಗುವ ತೊಂದರೆಗೆ ಮೊದಲೇ ತರಬೇತಿ ಶುರು ಮಾಡಬಹುದು. ಮೈಸೂರಿನವರಿಗೆ ಇದರಲ್ಲಿ ಒಂದು ಅನುಕೂಲವಿದೆ. ಮಾತು ಮತ್ತು ನುಂಗುವ ತೊಂದರೆಗಳಿಗೆ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆ ಊರಲ್ಲೇ ಇದೆ. ಎಂಎಸ್‌ಎ ಇದ್ದವರಿಗೆ ಬಿಪಿ ಮಾತ್ರೆಯ ಲೆಕ್ಕವನ್ನೇ ಮತ್ತೆ ನೋಡಬೇಕಾಗುತ್ತದೆ. ಎದ್ದು ನಿಂತ ಮೂರು ನಿಮಿಷದೊಳಗೆ ಮೇಲಿನ ಬಿಪಿ 20 ಅಥವಾ ಅದಕ್ಕಿಂತ ಜಾಸ್ತಿ ಇಳಿದರೆ ಅದು ಗಮನಿಸಬೇಕಾದ ವಿಷಯ.

ಎಂಆರ್‌ಐ: ಆಕಾರ ನೋಡುವ ಸ್ಕ್ಯಾನ್

ಎಂಆರ್‌ಐ ಯಂತ್ರ ದೊಡ್ಡ ಆಯಸ್ಕಾಂತ. ಎಕ್ಸ್‌ರೇ ತರದ ವಿಕಿರಣ ಇದರಲ್ಲಿಲ್ಲ. ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ 1.5 ಅಥವಾ 3 ಟೆಸ್ಲಾ ಯಂತ್ರಗಳಿರುತ್ತವೆ. 3 ಟೆಸ್ಲಾ ಅಂದರೆ ಭೂಮಿಯ ಆಯಸ್ಕಾಂತ ಶಕ್ತಿಯ ಸುಮಾರು 60,000 ಪಟ್ಟು. ಮಿದುಳಿನ ಯಾವ ಭಾಗ ಎಷ್ಟು ದಪ್ಪ ಇದೆ, ಎಲ್ಲಿ ಕುಗ್ಗಿದೆ, ಎಲ್ಲಿ ಗಾಯ ಇದೆ ಅನ್ನೋದು ಇದಕ್ಕೆ ಕಾಣುತ್ತದೆ.

ಮೊದಲ ಬೆಂಚಿನ ಪ್ರಶ್ನೆಗೆ ಉತ್ತರ ಇಲ್ಲಿದೆ. ಪಾರ್ಕಿನ್ಸನ್‌ನಲ್ಲಿ ಕೆಡುವುದು ಬಹಳ ಸಣ್ಣ ಜಾಗ. ಲಕ್ಷಣ ಕಾಣುವ ಹೊತ್ತಿಗೆ ಅಲ್ಲಿನ ಕೋಶಗಳಲ್ಲಿ ಅರ್ಧದಷ್ಟು ಹೋಗಿದ್ದರೂ ಮಿದುಳಿನ ಒಟ್ಟು ಆಕಾರ ಬದಲಾಗಿರೋದಿಲ್ಲ. ಹಾಗಾಗಿ ಮಾಮೂಲಿ ಎಂಆರ್‌ಐ ನಾರ್ಮಲ್ ಬರೋದು ಪಾರ್ಕಿನ್ಸನ್‌ನಲ್ಲಿ ನಿರೀಕ್ಷಿಸಿದ್ದೇ. ಡಾಕ್ಟರು ಆ ಸ್ಕ್ಯಾನ್ ಬರೆದದ್ದು ಪಾರ್ಕಿನ್ಸನ್ ಹುಡುಕಲಿಕ್ಕಲ್ಲ, ಬೇರೆ ಏನಾದರೂ ಅಡಗಿದೆಯಾ ಅಂತ ನೋಡಲಿಕ್ಕೆ. "ನಾರ್ಮಲ್" ಅನ್ನೋದು ಇಲ್ಲಿ ಉಪಯೋಗಕ್ಕೆ ಬರುವ ಉತ್ತರ.

ಆ "ಬೇರೆ" ಏನೇನು? ಪಿಎಸ್‌ಪಿಯಲ್ಲಿ ನಡುಮಿದುಳು ಸವೆದು ತೆಳುವಾಗುತ್ತದೆ, ಅದರ ಕೆಳಗಿನ ಪಾನ್ಸ್ ಭಾಗ ದಪ್ಪಗೇ ಉಳಿದಿರುತ್ತದೆ. ತಲೆಯನ್ನು ಪಕ್ಕದಿಂದ ಸೀಳಿದಂತೆ ತೆಗೆದ ಚಿತ್ರದಲ್ಲಿ ಇದು ಉದ್ದ ಕೊಕ್ಕಿನ ಹಕ್ಕಿಯಂತೆ ಕಾಣುತ್ತದೆ. ರಿಪೋರ್ಟ್‌ಗಳಲ್ಲಿ "ಹಮ್ಮಿಂಗ್‌ಬರ್ಡ್ ಸೈನ್" ಅಂತ ಬರೆಯುವುದು ಇದನ್ನೇ. ಕಣ್ಣಂದಾಜು ಸಾಲದು ಅಂತ ಈಗ ಎರಡೂ ಭಾಗಗಳ ಅಳತೆ ತೆಗೆದು ಅನುಪಾತ ಲೆಕ್ಕ ಹಾಕುವುದೂ ಉಂಟು. ಎಂಎಸ್‌ಎ ಇರುವ ಕೆಲವರಲ್ಲಿ ಪಾನ್ಸ್‌ನ ಅಡ್ಡ ಸೀಳಿನ ಚಿತ್ರದಲ್ಲಿ ಪ್ಲಸ್ ಗುರುತಿನಂತೆ ಬಿಳಿ ಗೆರೆ ಮೂಡುತ್ತದೆ. ಪಾಶ್ಚಾತ್ಯರು ಈಸ್ಟರ್ ಸಮಯದಲ್ಲಿ ತಿನ್ನುವ ಬನ್ನಿನ ಹೆಸರಿನಲ್ಲಿ ಇದು "ಹಾಟ್ ಕ್ರಾಸ್ ಬನ್ ಸೈನ್". ರೇಡಿಯಾಲಜಿಯವರು ಎಲ್ಲದರಲ್ಲೂ ತಿಂಡಿ ಅಥವಾ ಪ್ರಾಣಿಯನ್ನೇ ಕಾಣುತ್ತಾರೆ. ದೇಹದಲ್ಲಿ ತಾಮ್ರ ಸೇರಿಕೊಳ್ಳುವ ವಿಲ್ಸನ್ ಕಾಯಿಲೆಯಲ್ಲಿ ನಡುಮಿದುಳಿನ ಚಿತ್ರಕ್ಕೆ "ಪಾಂಡಾ ಮುಖ" ಅಂತ ಹೆಸರು. ಇದು ಹೆಚ್ಚಾಗಿ ಚಿಕ್ಕ ವಯಸ್ಸಿನವರಿಗೆ ಬರುವ, ಔಷಧಿಯಿಂದ ಹತೋಟಿಗೆ ತರಬಹುದಾದ ಕಾಯಿಲೆ. ಹದಿಹರೆಯದವರಿಗೆ ನಡುಕ ಬಂದರೆ ಇದನ್ನು ಬಿಟ್ಟುಬಿಡುವ ಹಾಗಿಲ್ಲ.

ಇನ್ನೆರಡು ಮುಖ್ಯ. ಒಂದು, ಸಣ್ಣ ಸಣ್ಣ ಲಕ್ವಗಳು ಸೇರಿ ಕಾಲಿನ ನಡಿಗೆ ಕೆಡಿಸಿರುವುದು. ಬಿಪಿ, ಸಕ್ಕರೆ ಕಾಯಿಲೆ ಬಹಳ ವರ್ಷದಿಂದ ಇದ್ದವರಲ್ಲಿ ಇದು ಸಾಮಾನ್ಯ. ಇನ್ನೊಂದು, ಎನ್‌ಪಿಎಚ್, ಅಂದರೆ ನಾರ್ಮಲ್ ಪ್ರೆಷರ್ ಹೈಡ್ರೋಕೆಫಲಸ್. ಮಿದುಳಿನೊಳಗಿನ ನೀರಿನ ಕೋಣೆಗಳು ಹಿಗ್ಗಿರುತ್ತವೆ, ಕಾಲು ನೆಲಕ್ಕೆ ಅಂಟಿದಂತೆ ನಡಿಗೆ, ಮೂತ್ರದ ತೊಂದರೆ, ಮರೆವು. ಆಯ್ದ ರೋಗಿಗಳಿಗೆ ನಳಿಕೆ ಹಾಕಿ ನೀರು ಇಳಿಸಿದರೆ ನಡಿಗೆ ಸುಧಾರಿಸುತ್ತದೆ. ಈ ಒಂದು ಸಾಧ್ಯತೆಗಾದರೂ ಸ್ಕ್ಯಾನ್ ಮಾಡಿಸಬೇಕು ಅನ್ನಿಸುತ್ತದೆ. ಎನ್‌ಪಿಎಚ್‌ನ ಸುಳಿವು ಸಿಟಿ ಸ್ಕ್ಯಾನ್‌ನಲ್ಲೂ ಸಿಗುತ್ತದೆ, ಆದರೆ ಹಕ್ಕಿ, ಬನ್ನು ಇಂಥ ಸೂಕ್ಷ್ಮಗಳಿಗೆ ಎಂಆರ್‌ಐಯೇ ಬೇಕು.

ತೊಂದರೆ ಏನೆಂದರೆ, ಈ ಗುರುತುಗಳು ಕಾಯಿಲೆ ಬಲಿತ ಮೇಲೆ ಸ್ಪಷ್ಟವಾಗುತ್ತವೆ. ಮೊದಲ ವರ್ಷದಲ್ಲಿ ಹಕ್ಕಿ ಕಾಣಲಿಲ್ಲ ಅಂದಮಾತ್ರಕ್ಕೆ ಪಿಎಸ್‌ಪಿ ಇಲ್ಲ ಅನ್ನೋಕಾಗೋದಿಲ್ಲ.

ನಾಲೆಯಲ್ಲಿ ನೀರಿದೆಯಾ?

ಎರಡನೇ ಬಗೆಯ ಸ್ಕ್ಯಾನ್ ಆಕಾರ ನೋಡೋದಿಲ್ಲ, ಡೋಪಮಿನ್ ನರಗಳ ತುದಿ ಉಳಿದಿದೆಯಾ ಅಂತ ನೋಡುತ್ತದೆ. ಆ ತುದಿಗಳಿಗೇ ಹೋಗಿ ಅಂಟಿಕೊಳ್ಳುವ, ತುಸು ವಿಕಿರಣ ಸೂಸುವ ಔಷಧಿಯನ್ನು ರಕ್ತನಾಳಕ್ಕೆ ಕೊಡುತ್ತಾರೆ. ಕೆಲವು ಗಂಟೆ ಕಾದು ಚಿತ್ರ ತೆಗೆಯುತ್ತಾರೆ. ಅಮೆರಿಕದಲ್ಲಿ 2011ರಲ್ಲಿ ಒಪ್ಪಿಗೆ ಪಡೆದ ಡ್ಯಾಟ್‌ಸ್ಕ್ಯಾನ್ ಔಷಧಿಯಲ್ಲಿ ಅಯೋಡಿನ್-123 ಇದೆ. ಅದು ಸುಮಾರು 13 ಗಂಟೆಯಲ್ಲಿ ಅರ್ಧಕ್ಕೆ ಇಳಿಯುತ್ತದೆ, ತಯಾರಿಸಲು ಸೈಕ್ಲೋಟ್ರಾನ್ ಅನ್ನೋ ದೊಡ್ಡ ಯಂತ್ರ ಬೇಕು. ನಮ್ಮ ದೇಶದಲ್ಲಿ ಬಳಸುವ ಟ್ರೋಡ್ಯಾಟ್ ಕೂಡ ಇದೇ ಕೆಲಸ ಮಾಡುತ್ತದೆ. ಅದರಲ್ಲಿರುವ ಟೆಕ್ನೀಷಿಯಂ-99ಎಂ ಅನ್ನು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗದಲ್ಲೇ ಒಂದು ಸಣ್ಣ ಉಪಕರಣದಿಂದ ಪಡೆಯಬಹುದು. ಹಾಗಾಗಿ ಖರ್ಚೂ ಕಡಿಮೆ. ಫ್ಲೋರೊಡೋಪಾ ಪೆಟ್ ಅನ್ನೋದು ಮೂರನೆಯದು. ಪೆಟ್ ಅಂದರೆ ವಿಕಿರಣ ಸೂಸುವ ಔಷಧಿ ಕೊಟ್ಟು ತೆಗೆಯುವ ಇನ್ನೊಂದು ಬಗೆಯ ಸ್ಕ್ಯಾನ್. ಡೋಪಮಿನ್ ತಯಾರಿಕೆ ನಡೆಯುತ್ತಿದೆಯಾ ಅಂತ ಅದು ತೋರಿಸುತ್ತದೆ.

ಆರೋಗ್ಯವಂತರ ಚಿತ್ರದಲ್ಲಿ ಎರಡು ಕಡೆ ಎರಡು ಅಲ್ಪವಿರಾಮದ ಗುರುತು ಹೊಳೆಯುತ್ತದೆ. ಪಾರ್ಕಿನ್ಸನ್‌ನಲ್ಲಿ ಬಾಲ ಮೊದಲು ಅಳಿಸಿಹೋಗಿ ಚುಕ್ಕಿ ಉಳಿಯುತ್ತದೆ. ಸಾಮಾನ್ಯವಾಗಿ ಒಂದು ಪಕ್ಕ ಜಾಸ್ತಿ ಅಳಿಸಿರುತ್ತದೆ.

ಎಸೆನ್ಷಿಯಲ್ ಟ್ರೆಮರ್‌ನಲ್ಲಿ ನಾಲೆ ತುಂಬಿದೆ, ಚಿತ್ರ ನಾರ್ಮಲ್. ಮಾತ್ರೆಯಿಂದ ಬಂದ ಬಿಗಿತದಲ್ಲಿ ತೂಬು ಮಾತ್ರ ಮುಚ್ಚಿದೆ, ಹಾಗಾಗಿ ಅಲ್ಲೂ ನಾರ್ಮಲ್. ಈ ಎರಡನ್ನು ಪಾರ್ಕಿನ್ಸನ್‌ನಿಂದ ಬೇರ್ಪಡಿಸಲು ಇದು ಒಳ್ಳೆಯ ಸ್ಕ್ಯಾನ್. ಆದರೆ ಪಿಎಸ್‌ಪಿ, ಎಂಎಸ್‌ಎ ಎರಡರಲ್ಲೂ ನಾಲೆ ಬತ್ತಿರುತ್ತದಲ್ಲ? ಅಲ್ಲೂ ಚುಕ್ಕಿಯೇ ಬರುತ್ತದೆ. ಪಾರ್ಕಿನ್ಸನ್ನೋ ಪಿಎಸ್‌ಪಿಯೋ ಅನ್ನೋ ಪ್ರಶ್ನೆಗೆ ಈ ಸ್ಕ್ಯಾನ್ ಹೆಚ್ಚು ಸಹಾಯ ಮಾಡೋದಿಲ್ಲ. "ಡ್ಯಾಟ್‌ಸ್ಕ್ಯಾನ್ ಪಾಸಿಟಿವ್, ಅಂದರೆ ಪಾರ್ಕಿನ್ಸನ್ ಪಕ್ಕಾ" ಅನ್ನೋ ಮಾತು ತಪ್ಪು. ಇದು ಬಹಳ ಜನರಲ್ಲಿ ಬೇರೂರಿದೆ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ.

ಗದ್ದೆ ಹೇಗಿದೆ?

ಅದಕ್ಕೆ ಎಫ್‌ಡಿಜಿ ಪೆಟ್ ಬೇಕು. ಕ್ಯಾನ್ಸರ್ ರೋಗಿಗಳಿಗೆ ಮಾಡುವ ಪೆಟ್ ಸ್ಕ್ಯಾನ್‌ನಲ್ಲಿ ಬಳಸುವ ಔಷಧಿಯೇ ಇದು, ಗ್ಲೂಕೋಸ್‌ಗೆ ಫ್ಲೋರಿನ್-18 ಸೇರಿಸಿದ್ದು. ಮಿದುಳಿನ ಕೋಶಗಳಿಗೆ ಗ್ಲೂಕೋಸೇ ಆಹಾರ. ಎಲ್ಲಿ ಕೋಶಗಳು ಚುರುಕಾಗಿವೆಯೋ ಅಲ್ಲಿ ಚಿತ್ರ ಹೊಳೆಯುತ್ತದೆ, ಎಲ್ಲಿ ಸೊರಗಿವೆಯೋ ಅಲ್ಲಿ ಮಂಕು. ಪಾರ್ಕಿನ್ಸನ್‌ನಲ್ಲಿ ಗದ್ದೆ ಚೆನ್ನಾಗಿರುವುದರಿಂದ ಸ್ಟ್ರಯಾಟಮ್ ಹೊಳೆಯುತ್ತಲೇ ಇರುತ್ತದೆ. ಎಂಎಸ್‌ಎಯಲ್ಲಿ ಸ್ಟ್ರಯಾಟಮ್‌ನ ಪುಟಾಮೆನ್ ಭಾಗ, ಕಿರುಮಿದುಳು ಮಂಕಾಗುತ್ತವೆ. ಪಿಎಸ್‌ಪಿಯಲ್ಲಿ ನಡುಮಿದುಳು ಮತ್ತು ಮಿದುಳಿನ ಮುಂಭಾಗ. ಎಂಆರ್‌ಐಯಲ್ಲಿ ಭಾಗಗಳು ಕುಗ್ಗುವುದು ಎದ್ದು ಕಾಣುವ ಮೊದಲೇ ಈ ವ್ಯತ್ಯಾಸ ಸಿಗಬಹುದು. ಫ್ಲೋರಿನ್-18 ಸುಮಾರು 110 ನಿಮಿಷಕ್ಕೆ ಅರ್ಧವಾಗುತ್ತದೆ. ಆದ್ದರಿಂದ ಇಂಥ ದಿನ, ಇಂಥ ಹೊತ್ತಿಗೇ ಬನ್ನಿ ಅಂತಾರೆ. ತಡವಾಗಿ ಹೋದರೆ ಔಷಧಿಯೇ ಕರಗಿಹೋಗಿರುತ್ತದೆ.

ಇನ್ನೊಂದು ವಿಚಿತ್ರ ಪರೀಕ್ಷೆ ಇದೆ. ಮಿದುಳಿನ ಕಾಯಿಲೆ ತಿಳಿಯಲು ಹೃದಯದ ಸ್ಕ್ಯಾನ್! ಪಾರ್ಕಿನ್ಸನ್‌ನಲ್ಲಿ ಹೃದಯಕ್ಕೆ ಹೋಗುವ ನರದ ತುದಿಗಳೂ ಸವೆಯುತ್ತವೆ, ಎಂಎಸ್‌ಎಯಲ್ಲಿ ಅವು ಬಹುತೇಕ ಉಳಿದಿರುತ್ತವೆ. ಎಂಐಬಿಜಿ ಅನ್ನೋ ಔಷಧಿ ಕೊಟ್ಟು ಇದನ್ನು ನೋಡುತ್ತಾರೆ. ಸಕ್ಕರೆ ಕಾಯಿಲೆ ಅಥವಾ ಹೃದಯದ ತೊಂದರೆ ಇದ್ದವರಲ್ಲಿ ಫಲಿತಾಂಶ ಅಡ್ಡದಾರಿ ಹಿಡಿಯುತ್ತದೆ.

ಕಂಪ್ಯೂಟರ್ ಬಂದಿದೆ

ಪಿಎಸ್‌ಪಿ, ಎಂಎಸ್‌ಎ ಗುರುತಿಸಲು ಅನುಭವ ಬೇಕು. ಎಲ್ಲ ಊರಲ್ಲೂ ಅಂಥ ಪರಿಣತರು ಇರೋದಿಲ್ಲ. ಫ್ಲಾರಿಡಾ ವಿಶ್ವವಿದ್ಯಾಲಯದ ನೇತೃತ್ವದ ತಂಡವೊಂದು ಡಿಫ್ಯೂಷನ್ ಎಂಆರ್‌ಐ ಚಿತ್ರಗಳನ್ನು ಓದುವ ಕಂಪ್ಯೂಟರ್ ವಿಧಾನವನ್ನು ಅಮೆರಿಕ ಮತ್ತು ಕೆನಡಾದ 21 ಕೇಂದ್ರಗಳಲ್ಲಿ ಪರೀಕ್ಷಿಸಿ 2025ರಲ್ಲಿ ವರದಿ ಪ್ರಕಟಿಸಿತು. ಡಿಫ್ಯೂಷನ್ ಅಂದರೆ ಮಿದುಳಿನ ಅಂಗಾಂಶದೊಳಗೆ ನೀರಿನ ಕಣಗಳು ಹೇಗೆ ಹರಿದಾಡುತ್ತವೆ ಅಂತ ಅಳೆಯುವುದು. ಕೋಶಗಳು ಸತ್ತ ಜಾಗದಲ್ಲಿ ನೀರು ಸರಾಗವಾಗಿ ಓಡಾಡುತ್ತದೆ. ಯಾವ ಯಾವ ಭಾಗದಲ್ಲಿ ಹೀಗಾಗಿದೆ ಅನ್ನೋದರ ನಮೂನೆ ನೋಡಿ ಪಾರ್ಕಿನ್ಸನ್, ಎಂಎಸ್‌ಎ, ಪಿಎಸ್‌ಪಿ ಬೇರೆ ಮಾಡುತ್ತದೆ. ತೀರಿಕೊಂಡ ನಂತರ ಮಿದುಳು ಪರೀಕ್ಷೆ ಮಾಡಿ ನಿಜ ತಿಳಿದಿದ್ದ ಪ್ರಕರಣಗಳಲ್ಲಿ, ಹತ್ತರಲ್ಲಿ ಒಂಬತ್ತಕ್ಕಿಂತ ಜಾಸ್ತಿ ಸಲ ಅದರ ಉತ್ತರ ಹೊಂದಿಕೆಯಾಯಿತು. ಇದಕ್ಕೆ ಚುಚ್ಚುಮದ್ದೂ ಬೇಡ, ವಿಕಿರಣವೂ ಇಲ್ಲ. ಆದರೆ ನಿರ್ದಿಷ್ಟ ರೀತಿಯಲ್ಲೇ ಸ್ಕ್ಯಾನ್ ತೆಗೆದಿರಬೇಕು. ಕೈಯಲ್ಲಿರುವ ಹಳೇ ಫಿಲ್ಮನ್ನು ಹಾಕಿ ಉತ್ತರ ಪಡೆಯುವ ಹಾಗಿಲ್ಲ.

ಸ್ಕ್ಯಾನ್‌ಗೆ ಹೋಗುವ ಮುಂಚೆ

ಎಂಆರ್‌ಐ ಕೋಣೆಗೆ ಹೋಗುವಾಗ ತಾಳಿ, ಮೂಗುಬೊಟ್ಟು, ಕಾಲುಂಗುರ ಎಲ್ಲ ತೆಗೆಯಲು ಹೇಳುತ್ತಾರೆ. ಶುದ್ಧ ಚಿನ್ನವನ್ನು ಆಯಸ್ಕಾಂತ ಎಳೆಯೋದಿಲ್ಲ. ಆದರೆ ಒಡವೆಯಲ್ಲಿ ಬೇರೆ ಲೋಹ ಬೆರೆತಿರುತ್ತದೆ, ಬಿಸಿಯಾಗಬಹುದು, ಚಿತ್ರವೂ ಕೆಡುತ್ತದೆ. ಹಿರಿಯ ಹೆಂಗಸರು ತಾಳಿ ತೆಗೆಯಲು ಹಿಂಜರಿಯುತ್ತಾರೆ. ಹಿಂದಿನ ದಿನವೇ ಮನೆಯಲ್ಲಿ ಮಾತಾಡಿ, ಅರಿಶಿನದ ಕೊಂಬು ಕಟ್ಟಿದ ದಾರ ಹಾಕಿಕೊಂಡು ಹೋದರೆ ಬಾಗಿಲಲ್ಲಿ ಮುಜುಗರವಿಲ್ಲ. ಪೇಸ್‌ಮೇಕರ್ ಇದ್ದರೆ ತಪ್ಪದೆ ಹೇಳಬೇಕು. ಹೆಬ್ಬಾಳು, ಮೇಟಗಳ್ಳಿ ಕಡೆಯ ಕಾರ್ಖಾನೆಗಳಲ್ಲಿ ವೆಲ್ಡಿಂಗ್, ಗ್ರೈಂಡಿಂಗ್ ಕೆಲಸ ಮಾಡಿದವರು ಯಾವತ್ತಾದರೂ ಕಣ್ಣಿಗೆ ಕಬ್ಬಿಣದ ಚೂರು ಹೊಕ್ಕಿತ್ತಾ ಅನ್ನೋದನ್ನೂ ಹೇಳಬೇಕು. ಆ ಚೂರು ಒಳಗೇ ಉಳಿದಿದ್ದರೆ ಯಂತ್ರದಲ್ಲಿ ಅಲುಗಿ ಕಣ್ಣಿಗೆ ಪೆಟ್ಟಾಗಬಹುದು.

ನಡುಕ ಜಾಸ್ತಿ ಇದ್ದರೆ ಎಂಆರ್‌ಐ ಚಿತ್ರ ಮಸುಕಾಗುತ್ತದೆ. ಅದಕ್ಕೆ ಏನು ಮಾಡಬೇಕು ಅಂತ ಮೊದಲೇ ಕೇಳಿ. ಎಫ್‌ಡಿಜಿ ಪೆಟ್‌ಗೆ ಕೆಲವು ಗಂಟೆ ಹೊಟ್ಟೆ ಖಾಲಿ ಇರಬೇಕು, ಸಕ್ಕರೆ ಹತೋಟಿಯಲ್ಲಿರಬೇಕು. ಚುಚ್ಚುಮದ್ದು ಕೊಟ್ಟ ಮೇಲೆ ಮಂದ ಬೆಳಕಿನಲ್ಲಿ ಮಾತಿಲ್ಲದೆ ಕೂರಿಸುತ್ತಾರೆ. ಆಗ ಫೋನ್ ನೋಡಿದರೆ ಮಿದುಳಿನ ಆ ಭಾಗ ಸುಮ್ನೆ ಹೊಳೆಯುತ್ತದೆ. ಕೆಲವು ಮಾತ್ರೆಗಳನ್ನು ಸ್ಕ್ಯಾನ್‌ಗೆ ಮೊದಲು ನಿಲ್ಲಿಸಬೇಕಾಗಬಹುದು, ಆದರೆ ಯಾವುದು, ಎಷ್ಟು ದಿನ ಅನ್ನೋದನ್ನು ಡಾಕ್ಟರೇ ಹೇಳಲಿ. ಪಾರ್ಕಿನ್ಸನ್ ಮಾತ್ರೆಯನ್ನು ಏಕಾಏಕಿ ಬಿಡೋದು ಅಪಾಯ. ನಾಟಿ ಔಷಧಿ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ಮುಚ್ಚಿಡಬೇಡಿ. ನಸುಗುನ್ನಿ ಬೀಜದಲ್ಲಿ ನಿಜವಾಗಿಯೇ ಲಿವೊಡೋಪಾ ಇದೆ. ಅದು ಸೇರಿಕೊಂಡರೆ ಮಾತ್ರೆಯ ಲೆಕ್ಕ ತಪ್ಪುತ್ತದೆ.

ಸ್ಕ್ಯಾನ್ ಆದ ಮೇಲೂ ಪ್ರಶ್ನೆ ಗುರುತು ಉಳಿದರೆ

ಉಳಿಯಬಹುದು. ಪೂರ್ತಿ ಖಚಿತ ಉತ್ತರ ಸಿಗೋದು ಮಿದುಳಿನ ಅಂಗಾಂಶವನ್ನೇ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ, ಅಂದರೆ ತೀರಿಕೊಂಡ ಮೇಲೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳು ದಾನ ಪಡೆಯುವ ಬ್ಯಾಂಕ್ ಇದೆ. ಬದುಕಿರುವಾಗ ವೈದ್ಯರು "ಇರಬಹುದು", "ಬಹುತೇಕ ಇದೆ" ಅಂತ ಹಂತ ಹಂತವಾಗಿ ಹೇಳುತ್ತಾರೆ. ಚೀಟಿಯ ಮೇಲಿನ ಪ್ರಶ್ನೆ ಗುರುತು ಡಾಕ್ಟರಿಗೆ ಗೊತ್ತಿಲ್ಲ ಅನ್ನೋದರ ಗುರುತಲ್ಲ, ಇದು ಆ ಹಂತ.

ಆರು ತಿಂಗಳು, ವರ್ಷ ಕಳೆದಂತೆ ಹೊಸ ಲಕ್ಷಣಗಳು ಬರುತ್ತವೆ, ಮಾತ್ರೆ ಹಿಡಿಯಿತೋ ಇಲ್ಲವೋ ಗೊತ್ತಾಗುತ್ತದೆ. ಈ ನಡುವೆ ಮನೆಯವರು ನಡಿಗೆಯ, ಲೋಟ ಎತ್ತುವ, ಕುರ್ಚಿಯಿಂದ ಏಳುವ ಸಣ್ಣ ವಿಡಿಯೋಗಳನ್ನು ಫೋನಿನಲ್ಲಿ ತೆಗೆದಿಟ್ಟರೆ ಡಾಕ್ಟರಿಗೆ ಬಹಳ ಉಪಯೋಗ. ಬಿದ್ದ ತಾರೀಖು, ಮುಂದಕ್ಕೋ ಹಿಂದಕ್ಕೋ ಅನ್ನೋದನ್ನು ಕ್ಯಾಲೆಂಡರ್ ಮೇಲೇ ಬರೆದಿಡಿ. ಸ್ಕ್ಯಾನ್ ಸೆಂಟರಿನಲ್ಲಿ ಫಿಲ್ಮ್ ಮಾತ್ರ ಕೊಟ್ಟರೆ ಸಿಡಿಯನ್ನೂ ಕೇಳಿ ಇಸ್ಕೊಳ್ಳಿ. ಎರಡು ವರ್ಷದ ನಂತರ ಮತ್ತೆ ಎಂಆರ್‌ಐ ಮಾಡಿಸಿದಾಗ, ನಡುಮಿದುಳು ಎಷ್ಟು ಸವೆದಿದೆ ಅಂತ ಅಳೆಯಲು ಹಳೆಯದು ಪಕ್ಕದಲ್ಲಿರಬೇಕು.